ಫಾರೆಕ್ಸ್ ಕಾರ್ಡಿನ ಪಿನ್ ಬದಲಿಸುವುದು ಹೇಗೆ? ಬಲ್ಲವರು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿಯಿಂದ:
ಅಪ್ಪ-ಅಮ್ಮ ಮುಂದಿನ ವಾರ ಲಂಡನ್ನಿಗೆ, ಅಕ್ಕನ ಮನೆಗೆ ಹೊರಟಿದ್ದಾರೆ. ಶಿವಮೊಗ್ಗದ ಬ್ಯಾಂಕಿನಲ್ಲಿ ಪೌಂಡ್ ತುಂಬಿಸಿದ ಫಾರೆಕ್ಸ್ ಕಾರ್ಡ್ (ವಿದೇಶದಲ್ಲಿ ಖರ್ಚಿಗೆ ಬಳಸುವ ಕಾರ್ಡ್) ಮಾಡಿಸಿದ್ದೇವೆ. ಲಕೋಟೆಯಲ್ಲಿ ಬಂದ ಪಿನ್ ಅಮ್ಮನಿಗೆ ನೆನಪಿರುತ್ತಿಲ್ಲ. ಬದಲಿಸೋಣವೆಂದು ಇಲ್ಲಿನ ಎಟಿಎಂಗೆ ಹಾಕಿದರೆ ಕಾರ್ಡ್ ತಗೊಳ್ಳುತ್ತಿಲ್ಲ. ಕಾರ್ಡೇ ಸರಿಯಿಲ್ಲವಾ?

ಸಾಗರದಿಂದ:
ಕಾರ್ಡ್ ಸರಿಯಾಗೇ ಇದೆ. ಫಾರೆಕ್ಸ್ ಕಾರ್ಡ್ ಭಾರತ, ನೇಪಾಳ, ಭೂತಾನಗಳಲ್ಲಿ ನಡೆಯುವುದಿಲ್ಲ, ಹಾಗಾಗಿ ಇಲ್ಲಿನ ಎಟಿಎಂಗೆ ಮತ್ತೆ ಹಾಕಬೇಡಿ. ಕಾರ್ಡ್ ಕೊಟ್ಟ ಬ್ಯಾಂಕಿನ ಫಾರೆಕ್ಸ್ ವೆಬ್‌ಸೈಟ್ ಅಥವಾ ಆ್ಯಪ್‌ಗೆ ಹೋಗಿ. ಹಲವು ಬ್ಯಾಂಕುಗಳಲ್ಲಿ ಇದು ಮಾಮೂಲಿ ನೆಟ್‌ಬ್ಯಾಂಕಿಂಗ್ ಅಲ್ಲ, ಬೇರೆಯೇ ಲಾಗಿನ್. ಒಳಗೆ ಎಟಿಎಂ ಪಿನ್ ಬದಲಿಸುವ ಆಯ್ಕೆ ಇರುತ್ತದೆ. ಕಾರ್ಡಿನ ಅವಧಿ ಮುಗಿಯುವ ತಿಂಗಳು-ವರ್ಷ, ಹಿಂಬದಿಯ ಮೂರಂಕಿ ಕೇಳಬಹುದು. ಹೊಸ ನಾಲ್ಕಂಕಿಯನ್ನು ಎರಡು ಸಲ ಕೊಟ್ಟು ಓಟಿಪಿ ಹಾಕಿದರೆ ಮುಗಿಯಿತು. ಆ್ಯಪ್ ಗೊತ್ತಾಗದಿದ್ದರೆ ಕಾರ್ಡಿನ ಹಿಂದಿರುವ ಸಹಾಯವಾಣಿಗೆ ಕರೆ ಮಾಡಿ.

ಲಕೋಟೆಯಲ್ಲಿ 'ಐಪಿನ್' ಎಂದಿದ್ದರೆ ಅದು ವೆಬ್‌ಸೈಟಿನ ಗುಪ್ತಪದ, ಎಟಿಎಂಗೆ ಹೊಡೆಯುವುದಲ್ಲ. ಮುಕ್ಕಾಲು ಪಾಲು ಗೊಂದಲ ಇಲ್ಲೇ. ಕಿಟ್‌ನಲ್ಲಿ ಎರಡನೇ ಕಾರ್ಡ್ ಇದ್ದರೆ ಅದರ ಪಿನ್ ಬೇರೆಯೇ ಇರಬಹುದು, ಅದನ್ನೂ ನೋಡಿ.

ಹೊಸನಗರದಿಂದ:
ಓಟಿಪಿ ನಿಲ್ಲುವುದು ಕೆಲವೇ ನಿಮಿಷ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಚೆನ್ನಾಗಿದ್ದು ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಎಲ್ಲ ತುಂಬಿ ಕೊನೇ ಹೆಜ್ಜೆಯಲ್ಲಿ ಕೂತುಬಿಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುವ ಊರುಗಳಲ್ಲಿ ಇದು ದಿನದ ಪಾಡು. ಪೇಟೆಗೆ ಬಂದು, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಕೈಯಲ್ಲಿಟ್ಟುಕೊಂಡೇ ಮಾಡಿ. ಅದೇ ಸಿಮ್‌ಗೆ ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಅಲ್ಲಿ ಪಿನ್ ಮರೆತರೆ ಓಟಿಪಿ ಬರಬೇಕಾದ್ದು ಆ ನಂಬರಿಗೇ.

ಶಿವಮೊಗ್ಗದಿಂದ:
ಎಲ್ಲರೂ ಬಿಟ್ಟ ಒಂದು ಮುಖ್ಯ ವಿಷಯ. ಪಿನ್ ಎರಡು ಕಡೆ ಇರಬಹುದು: ಬ್ಯಾಂಕಿನ ಕಂಪ್ಯೂಟರಿನಲ್ಲಿ, ಕಾರ್ಡಿನ ಚಿಪ್‌ನಲ್ಲಿ. ಮನೆಯಲ್ಲಿ ಕೂತು ಬದಲಿಸಿದ್ದು ಬ್ಯಾಂಕಿನ ಕಡೆಯದ್ದು ಮಾತ್ರ. ಎಟಿಎಂ ಬ್ಯಾಂಕನ್ನು ಕೇಳುತ್ತದೆ, ಹೊಸ ಪಿನ್ ಒಪ್ಪುತ್ತದೆ. ಬ್ರಿಟನ್ನಿನ ಅಂಗಡಿಗಳ ಕಾರ್ಡ್ ಮಷಿನ್ ಸಾಮಾನ್ಯವಾಗಿ ಚಿಪ್ಪನ್ನೇ ಕೇಳುತ್ತದೆ. ಚಿಪ್‌ನಲ್ಲಿ ಹಳೆಯದೇ ಕೂತಿದ್ದರೆ ಸರಿಯಾದ ಹೊಸ ಪಿನ್ನನ್ನೂ ತಪ್ಪು ಅನ್ನುತ್ತದೆ.

ಪರಿಹಾರ ಸುಲಭ. ಲಂಡನ್ನಿನಲ್ಲಿ ಇಳಿದ ಮೇಲೆ ಅಂಗಡಿಗೆ ಹೋಗುವ ಮೊದಲು ಯಾವುದಾದರೂ ಬ್ಯಾಂಕಿನ ಎಟಿಎಂನಲ್ಲಿ ಹೊಸ ಪಿನ್ ಹಾಕಿ 20 ಪೌಂಡ್ ತೆಗೆಯಲಿ. ಬ್ಯಾಂಕಿನ ಉತ್ತರದ ಜೊತೆಗೇ ಹೊಸ ಪಿನ್ ಚಿಪ್‌ಗೆ ಬರೆಯಲ್ಪಡುತ್ತದೆ. ಕಾರ್ಡನ್ನು ಯಂತ್ರವೇ ಹೊರಹಾಕುವವರೆಗೆ ಎಳೆಯಬಾರದು. ಬರೀ ತಾಗಿಸಿ ಹಣ ಕೊಟ್ಟರೆ ಈ ಕೆಲಸ ಆಗುವುದಿಲ್ಲ. ರೂಪಾಯಿಯಲ್ಲಿ ಕಡಿತ ಮಾಡಲೇ ಎಂದು ಪರದೆ ಕೇಳಿದರೆ ಬೇಡ ಎಂದು ಒತ್ತಿ ಪೌಂಡನ್ನೇ ಆರಿಸಬೇಕು, ಇಲ್ಲದಿದ್ದರೆ ವಿನಿಮಯ ದರದಲ್ಲಿ ಸುಮ್ಮನೆ ದುಡ್ಡು ಹೋಗುತ್ತದೆ. ನಿಮ್ಮ ಕಾರ್ಡಿಗೆ ಚಿಪ್‌ನಲ್ಲಿ ಪಿನ್ ಇದೆಯೇ ಎಂದು ಸಹಾಯವಾಣಿಯಲ್ಲಿ ಒಂದು ಮಾತು ಕೇಳಿ. ಇಲ್ಲವೆಂದರೆ ಈ ತಾಪತ್ರಯವೇ ಇಲ್ಲ.

ತೀರ್ಥಹಳ್ಳಿಯಿಂದ:
ಬಹಳ ಉಪಕಾರವಾಯ್ತು. ಅಲ್ಲಿ ಅಮ್ಮ ತಪ್ಪು ಒತ್ತಿದರೆ?

ಶಿವಮೊಗ್ಗದಿಂದ:
ಎರಡು ಸಲ ತಪ್ಪಿದರೆ ಅಲ್ಲಿಗೇ ನಿಲ್ಲಿಸಲು ಹೇಳಿ. ಸಾಮಾನ್ಯವಾಗಿ ಮೂರನೆಯದಕ್ಕೆ ಲಾಕ್. ಬ್ಯಾಂಕಿನ ಕಡೆಯ ಲಾಕ್ ಹಲವು ಕಡೆ ಮಾರನೇ ದಿನ ತಾನೇ ಬಿಡುತ್ತದೆ. ಚಿಪ್‌ನ ಲಾಕ್ ದಿನ ಕಳೆದರೂ ಬಿಡದು, ಬ್ಯಾಂಕಿಗೆ ಹೇಳಿ ತೆಗೆಸಿ ಮತ್ತೆ ಎಟಿಎಂಗೆ ಹಾಕಬೇಕು.

ಕೊಪ್ಪದಿಂದ:
ಅಮ್ಮನವರಿಗೆ ನೆನಪಿರುವ ಸಂಖ್ಯೆಯೇ ಇರಲಿ, ಆದರೆ ಹುಟ್ಟಿದ ವರ್ಷ ಬೇಡ, ಪಾಸ್‌ಪೋರ್ಟಿನಲ್ಲೇ ಅಚ್ಚಾಗಿರುತ್ತದೆ. ಕಾರ್ಡಿನ ಕವರಿನ ಮೇಲೆ ಬರೆದಿಡುವುದೂ ಬೇಡ. ಪಿನ್ ಬದಲಿಸಿಕೊಡುತ್ತೇವೆ ಎಂದು ಯಾರೇ ಫೋನ್ ಮಾಡಿದರೂ ಇಟ್ಟುಬಿಡಿ, ಬ್ಯಾಂಕಿನವರು ಪಿನ್ನನ್ನಾಗಲಿ ಓಟಿಪಿಯನ್ನಾಗಲಿ ಕೇಳುವುದಿಲ್ಲ. ಕೊಟ್ಟು ಮೋಸಹೋದರೆ ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎರಡನೇ ಕಾರ್ಡ್ ಅಪ್ಪನವರ ಚೀಲದಲ್ಲಿರಲಿ, ಎರಡೂ ಒಂದೇ ಪರ್ಸಿನಲ್ಲಿ ಬೇಡ.