ಅಪ್‌ಡೇಟ್: ಗ್ರಹಗಳ ಆನ್‌ಲೈನ್ ಪಾಠವನ್ನು ಐದನೇ ಕ್ಲಾಸಿಗೆ ಮಾಡಿಸಿದೆ

ಮಕ್ಕಳೇ ಪ್ರಶ್ನೆ ಕೇಳಿ, ಹುಡುಕಿ ಕಲಿಯುವ ಗ್ರಹಗಳ ಆನ್‌ಲೈನ್ ಪಾಠ ನಮ್ಮ ಚಳ್ಳಕೆರೆ ಕಡೆಯ ಶಾಲೆಗೆ ಆಗುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. "ಮೊದಲು ನೀವೇ ಮಗುವಿನ ಹಾಗೆ ಮಾಡಿ ನೋಡಿ" ಅಂದಿದ್ದಿರಿ. ಮಾಡಿದೆ. ಒಳ್ಳೆಯದಾಯ್ತು.

ಮೊದಲ ಪುಟದಲ್ಲೇ ಒಂಬತ್ತು ಗ್ರಹ! ಪ್ಲೂಟೊವನ್ನು 2006ರಲ್ಲೇ ಕುಬ್ಜ ಗ್ರಹ ಅಂದಾಗಿದೆ ಅಲ್ವಾ? ತಿದ್ದಲಿಲ್ಲ, ಮಕ್ಕಳಿಗೇ ಬಿಟ್ಟೆ. ಹತ್ತು ನಿಮಿಷದಲ್ಲಿ ಹಿಡಿದರು.

"ಯಾವ ಗ್ರಹ ಜಾಸ್ತಿ ಬಿಸಿ?" ಅನ್ನೋ ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿತು. ಎಲ್ಲರೂ ಬುಧ ಅಂದರು, ಸೂರ್ಯನಿಗೆ ಹತ್ತಿರ ಅಂತ. ಉತ್ತರ ಶುಕ್ರ, ಸುಮಾರು 465 ಡಿಗ್ರಿ ಸೆಲ್ಸಿಯಸ್. ದಪ್ಪ ಇಂಗಾಲದ ಡೈಆಕ್ಸೈಡ್ ಬಿಸಿಯನ್ನು ಹೊರಗೆ ಬಿಡೋದಿಲ್ಲ. "ಕಂಬಳಿ ಹೊದ್ದ ಹಾಗಾ ಸಾರ್?" ಅಂದಳು ಒಬ್ಬಳು. ಪಾಠದಲ್ಲಿ ಅಷ್ಟು ಸಲೀಸಾಗಿ ಹೇಳಿರಲಿಲ್ಲ.

ದೂರದ ಅಳತೆ ಮಾತ್ರ ಪೂರ್ತಿ ಸೋತಿತು. ಪರದೆ ಮೇಲೆ ಗ್ರಹಗಳು ಸುಮ್ನೆ ಒತ್ತೊತ್ತಾಗಿ ನಿಂತಿವೆ. ಅದಕ್ಕೆ ಒಂದು ಸೆಂಟಿಮೀಟರಿನ ಶೇಂಗಾ ಬೀಜವನ್ನು ಭೂಮಿ ಮಾಡಿ ಅಂಗಳಕ್ಕೆ ಕರೆದುಕೊಂಡು ಹೋದೆ. ಸೂರ್ಯ 109 ಸೆಂಟಿಮೀಟರ್ ಅಗಲ, ಸುಮಾರು 117 ಮೀಟರ್ ಆಚೆ. ಗೇಟು ದಾಟಿ ರಸ್ತೆಗೇ ಬಂದೆವು. ನೆಪ್ಚೂನ್‌ಗೆ ಮೂರೂವರೆ ಕಿಲೋಮೀಟರ್ ಅಂದಾಗ ಒಬ್ಬ ಸೈಕಲ್ ತರ್ತೀನಿ ಅಂದ.

ಬೀಜವನ್ನು ಯಾರೋ ತಿಂದುಬಿಟ್ಟಿದ್ದರು.