ಗೀಳು ಕಾಯಿಲೆಗೆ ಮ್ಯಾಗ್ನೆಟ್ ಚಿಕಿತ್ಸೆ: ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತು ಮನೋವೈದ್ಯೆಯೊಬ್ಬರು ನಮ್ಮ ಜೊತೆ ಇದ್ದಾರೆ. ವಿಷಯ ಓಸಿಡಿಗೆ, ಅಂದರೆ ಗೀಳು ಕಾಯಿಲೆಗೆ, ಟಿಎಂಎಸ್: ತಲೆಗೆ ಕಾಯಿಲ್ (ತಂತಿಯ ಸುರುಳಿ) ಇಟ್ಟು ಕಾಂತದ ಮಿಡಿತ ಕೊಡುವುದು. ಫಾರ್ವರ್ಡ್ ಹಾಕಬೇಡಿ.

ರಾಘು: ಮೇಡಂ, ಇದು ಕರೆಂಟ್ ಶಾಕಾ?

ಡಾಕ್ಟರ್: ಅಲ್ಲ. ಶಾಕ್ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು, ಬೇಕೆಂದೇ ಫಿಟ್ಸ್ ಬರಿಸುತ್ತೇವೆ. ಇಲ್ಲಿ ಎಚ್ಚರವಾಗಿಯೇ ಕೂತಿರುತ್ತೀರಿ. ಟಕಟಕ ಸದ್ದು ಜೋರು, ಕಿವಿಗೆ ಪ್ಲಗ್ ಹಾಕುತ್ತಾರೆ. ಕೆಲವರಿಗೆ ತಲೆನೋವು ಬರುತ್ತದೆ.

ಸುಮಾ: ಗ್ಯಾರಂಟಿ ವಾಸಿಯಾಗುತ್ತಾ?

ಡಾಕ್ಟರ್: ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಓಸಿಡಿಗೆ ಡೀಪ್ ಟಿಎಂಎಸ್‌ಗೆ (ಮಿದುಳಲ್ಲಿ ಇನ್ನಷ್ಟು ಆಳಕ್ಕೆ ಮುಟ್ಟುವ ಬಗೆ) ಒಪ್ಪಿಗೆ ಕೊಟ್ಟಿತು, ಅದೂ ಬೇರೆ ಚಿಕಿತ್ಸೆಯ ಜೊತೆಗೆ. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಆರು ವಾರಕ್ಕೆ 29 ಸಿಟ್ಟಿಂಗ್. ಲಕ್ಷಣ ಶೇ 30ರಷ್ಟಾದರೂ ಇಳಿದದ್ದು ನೂರಕ್ಕೆ 38 ಜನರಲ್ಲಿ. ಹೋಲಿಸಿ ನೋಡಲು ಸುಳ್ಳು ಕಾಯಿಲ್ ಇಟ್ಟವರಲ್ಲಿ 11.

ಮಂಜುನಾಥ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಮ್ಯಾಗ್ನೆಟ್ ಬಳೆ ಹಾಕಿ, ಬೆಳಿಗ್ಗೆ ಒಂದೆಲಗದ ರಸ ಕುಡಿಯಿರಿ. ಗೀಳು ಮಾಯ!

ಡಾಕ್ಟರ್: ಬಳೆಯ ಕಾಂತ ಇದ್ದ ಹಾಗೇ ಇರುತ್ತದೆ. ಕ್ಷಣಾರ್ಧದಲ್ಲಿ ಏರಿಳಿಯುವ ಕಾಂತ ಮಾತ್ರ ಮಿದುಳಲ್ಲಿ ಕರೆಂಟ್ ಹುಟ್ಟಿಸುತ್ತದೆ. ಹಾಕಬೇಡಿ ಅಂತ ಮೇಲೇ ಬರೆದಿದೆ, ಓದಿ.

ಅನಿತಾ: ನನ್ನ ತಮ್ಮನಿಗೆ 24. ಬೆರಳ ಸಂದಿ ಒಡೆದು ರಕ್ತ ಬಂದರೂ ಕೈ ತೊಳೆಯುತ್ತಾನೆ. ನಲ್ಲಿ ತಿರುಗಿಸೋದು ಮೊಣಕೈಯಲ್ಲಿ. ಗೀಳಿಗೆ ಕ್ಲೋಮಿಪ್ರಮಿನ್ ಮಾತ್ರೆ ಕೊಟ್ಟಿದ್ದರು. ಮ್ಯಾಗ್ನೆಟ್ ಬಂದರೆ ಮಾತ್ರೆ ಯಾಕೆ ಅಂತ ಹೋದ ವಾರ ಅವನೇ ಬಿಟ್ಟ. ಒಂದು ಸೆಂಟರ್‌ನವರು ಸೋಮವಾರ ಶುರು ಅಂದಿದ್ದಾರೆ. ಚಿಕ್ಕವನಿದ್ದಾಗ ಫಿಟ್ಸ್ ಬಂದಿತ್ತು. ಪರವಾಗಿಲ್ವಾ?

ಡಾಕ್ಟರ್: ಅನಿತಾ, ಸೋಮವಾರದ್ದನ್ನು ನಿಲ್ಲಿಸಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ. ಆದರೆ ಹಿಂದೆ ಬಂದಿದ್ದವರಿಗೆ ಅಪಾಯ ಜಾಸ್ತಿ. ಕ್ಲೋಮಿಪ್ರಮಿನ್ ಕೂಡ ಅದನ್ನು ಹೆಚ್ಚಿಸುತ್ತದೆ. ಇವೆರಡನ್ನೂ ಸೆಂಟರ್‌ನವರು ಕೇಳಿದರಾ? ತಲೆಯೊಳಗೆ ಆಪರೇಷನ್‌ನಲ್ಲಿ ಹಾಕಿದ ಲೋಹದ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಕೂರಿಸುವ ಸಾಧನ) ಇದೆಯಾ ಅಂತ ಕೇಳಿದರಾ? ಕೇಳದಿದ್ದರೆ ಅಲ್ಲಿಗೆ ಹೋಗಲೇಬೇಡಿ. ಆ ಫಿಟ್ಸ್ ಜ್ವರಕ್ಕೆ ಬಂದದ್ದಾ, ಬೇರೆಯದಾ ಎಂದು ನರರೋಗ ತಜ್ಞರು ನೋಡಬೇಕು.

ಮಾತ್ರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರಬಹುದು, ಗೀಳೂ ಏರಬಹುದು. ಹಾಗಂತ ನೀವೇ ಹಳೇ ಡೋಸ್ ಶುರು ಮಾಡಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ಇನ್ನೊಂದು. ಅವನಿಗೆ ಇಆರ್‌ಪಿ ಆಗಿದೆಯಾ? ಆ ನಲ್ಲಿಯನ್ನೇ ಅಂಗೈಯಲ್ಲಿ ಹಿಡಿಸಿ, ತೊಳೆಯದೆ ಕೂರಿಸಿ, ಚಡಪಡಿಕೆ ತಾನಾಗಿ ಇಳಿಯಲು ಬಿಡುವ ಥೆರಪಿ. ಮೇಲೆ ಹೇಳಿದ ಡೀಪ್ ಟಿಎಂಎಸ್ ಪರೀಕ್ಷೆಯಲ್ಲೂ ಪ್ರತಿ ಸಿಟ್ಟಿಂಗ್‌ಗೆ ಮೊದಲು ಬೇಕೆಂದೇ ಗೀಳನ್ನು ಕೆದಕಿದ್ದರು. ಸುಮ್ನೆ ಮೊಬೈಲ್ ನೋಡುತ್ತಾ ಕೂರುವುದಲ್ಲ. ಮನೆಯಲ್ಲಿ ಅವನ ಬದಲು ಯಾರು ಬಾಗಿಲು ತೆಗೆದುಕೊಡುತ್ತಾರೆ? ಅಮ್ಮನಾ? ಅದೂ ನಿಲ್ಲಬೇಕು, ಆದರೆ ಥೆರಪಿಸ್ಟ್ ಹೇಳಿದ ಹಾಗೆ ನಿಧಾನಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ.

ಶ್ರೀಪತಿ: ನಮ್ಮಜ್ಜಿ ಮಡಿ ಅಂತ ದಿನಕ್ಕೆ ಮೂರು ಸಲ ಮೀಯುತ್ತಿದ್ದರು. ಈಗ ಎಲ್ಲದಕ್ಕೂ ಒಂದು ರೋಗದ ಹೆಸರು.

ರೇಖಾ: ನಿಮ್ಮಜ್ಜಿಗೆ ಮೂರಕ್ಕೆ ಮುಗೀತಿತ್ತಲ್ವಾ? ನನಗೆ ಮುಗಿಯೋದೇ ಇಲ್ಲ.

ಶ್ರೀಪತಿ: ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಮ್ಮ.

ರೇಖಾ: ಹೋಗ್ರೀ, ಒಂದು ದಿನ ನನ್ನ ಬಚ್ಚಲಲ್ಲಿ ನಿಂತು ನೋಡಿ, ಆಮೇಲೆ ಬುದ್ಧಿ ಹೇಳಿ.

ಶ್ರೀಪತಿ: ದೊಡ್ಡವರ ಜೊತೆ ಮಾತಾಡೋ ರೀತಿನಾ ಇದು?

ಲೋಕೇಶ: ಇನ್ಶೂರೆನ್ಸ್ ಕೊಡ್ತಾರಾ ಮೇಡಂ?

ಗಿರಿಜಾ: ಪೂರ್ತಿ ವಾಸಿ ಗ್ಯಾರಂಟಿನಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಮಂಜುನಾಥ: ಬಳೆಯಿಂದ ನಮ್ಮ ಭಾವನಿಗೆ ಗುಣ ಆಗಿದೆ. ಡಾಕ್ಟರುಗಳಿಗೆ ಇದು ಹಿಡಿಸೋದಿಲ್ಲ.

ಡಾಕ್ಟರ್: ಭಾವ ಮಾತ್ರೆಯನ್ನೂ ತಗೊಳ್ತಿದ್ರಾ?

ಮಂಜುನಾಥ: ಅದು ಬೇರೆ ವಿಷಯ.

ಅನಿತಾ: ಮೇಡಂ, ಸೆಂಟರ್‌ಗೆ ಅಡ್ವಾನ್ಸ್ ಕಟ್ಟಿದ್ದೇವೆ. ವಾಪಸ್ ಕೊಡಲ್ಲ ಅಂತಾರೆ.

ಡಾಕ್ಟರ್: ದುಡ್ಡಿನ ವಿಷಯ ಆಮೇಲೆ. ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಮಾಡಿದಿರಾ?

ಲೋಕೇಶ: ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲೇ ಇಲ್ಲ.