ವಿಷಯ: ‘ಕಿರಿದಾದ ಮತ್ತು ತಿರುವುಗಳುಳ್ಳ ರಸ್ತೆ’: ಈ ‘ಮತ್ತು’ ಬೇಕೆ? ಬೋರ್ಡಿಗೆ, ತುರ್ತು

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಮುಳ್ಳಯ್ಯನಗಿರಿ ಕಡೆಯ ಒಂದು ಕಾಫಿ ತೋಟದ ಹೋಂಸ್ಟೇಗೆ ಮೂರು ಬೋರ್ಡು ಬರೆಸಬೇಕಾಗಿದೆ. ತೋಟದವರು ಇಂಗ್ಲಿಷ್ ಒಕ್ಕಣೆ ಕೊಟ್ಟು ಕನ್ನಡ ಮಾಡಿಕೊಡಿ ಅಂದಿದ್ದಾರೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ.

ಮೊದಲನೆಯದು ಗೇಟಿನ ಹತ್ತಿರ: ‘ನ್ಯಾರೋ ಅಂಡ್ ವೈಂಡಿಂಗ್ ರೋಡ್. ಡ್ರೈವ್ ಸ್ಲೋಲಿ ಅಂಡ್ ಕೇರ್‌ಫುಲಿ.’ ನಾನು ಬರೆದದ್ದು: ‘ಕಿರಿದಾದ ಮತ್ತು ತಿರುವುಗಳುಳ್ಳ ರಸ್ತೆ. ನಿಧಾನವಾಗಿ ಮತ್ತು ಎಚ್ಚರಿಕೆಯಿಂದ ಚಲಾಯಿಸಿ.’

ಎರಡನೆಯದು ತೋಟದೊಳಗಿನ ಕಾಲುದಾರಿಗೆ: ‘ಶಾರ್ಟ್ ಬಟ್ ಸ್ಟೀಪ್ ಪಾತ್.’ ‘ಚಿಕ್ಕ ಆದರೆ ಕಡಿದಾದ ದಾರಿ’ ಎಂದು ಬರೆದು ಓದಿದೆ. ನಾಲಿಗೆ ಎಡವುತ್ತದೆ.

ಮೂರನೆಯದು ಹಕ್ಕಿ ನೋಡುವ ಜಾಗಕ್ಕೆ: ‘ವಾಕ್ ಕ್ವೈಟ್ಲಿ ಅಂಡ್ ಇನ್ ಸಿಂಗಲ್ ಫೈಲ್.’ ‘ಮೌನವಾಗಿ ಮತ್ತು ಒಂದೇ ಸಾಲಿನಲ್ಲಿ ನಡೆಯಿರಿ.’ ಶಾಲೆಯ ಪ್ರಾರ್ಥನೆಗೆ ಹೋಗುವ ಮಕ್ಕಳಿಗೆ ಹೇಳಿದ ಹಾಗಿದೆ.

ಮೂರರಲ್ಲೂ ಅಂಡ್, ಬಟ್ ಬಂದ ಕಡೆಯೇ ಕನ್ನಡ ಕೆಡುತ್ತಿದೆ ಅನಿಸುತ್ತದೆ. ಇದು ನನ್ನ ಕಿವಿಯ ತಕರಾರೋ, ವ್ಯಾಕರಣದ್ದೋ? ಬಲ್ಲವರು ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಅರಸೀಕೆರೆಯಿಂದ:

ಎರಡು ಪರಿಚೆಪದಗಳ, ಅಂದರೆ ವಿಶೇಷಣಗಳ, ನಡುವೆ ‘ಮತ್ತು’ ಬರುವುದು ಕನ್ನಡವೇ ಅಲ್ಲ. ಅದು ಅಂಡ್‌ನ ನೆರಳು. ಕಿತ್ತುಹಾಕಿ. ಕೂಡಿಸಲು ನಮಗೆ ‘ಊ’ ಇದೆ. ಅಷ್ಟೆ.

ಬೇಲೂರಿನಿಂದ:

ಅಷ್ಟೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ ಸ್ವಾಮಿ. ‘ಊ’ ಹಾಕಿ ಅಂತೀರಿ, ಹಾಕುವುದು ಎಲ್ಲಿಗೆ? ‘ಕಿರಿದಾದೂ ತಿರುವುಗಳುಳ್ಳೂ ರಸ್ತೆ’ ಅಂತಲೆ? ಕ್ರಿಯಾವಿಶೇಷಣಕ್ಕೆ ಅದು ಸಲೀಸಾಗಿ ಹತ್ತುತ್ತದೆ: ‘ನಿಧಾನವಾಗಿಯೂ ಎಚ್ಚರಿಕೆಯಿಂದಲೂ’. ಹೆಸರಿನ ಮುಂದೆ ನಿಂತ ಬರಿಯ ವಿಶೇಷಣಕ್ಕೆ ಹತ್ತುವುದೇ ಇಲ್ಲ. ‘ದೊಡ್ಡದೂ ಹಳೆಯದೂ ಆದ ಮರ’ ಎಂದು ಮೊದಲು ಅದನ್ನು ನಾಮಪದ ಮಾಡಿ, ಆಮೇಲೆ ‘ಆದ’ ಎಂಬ ಬಾಲ ಕಟ್ಟಬೇಕು. ಇಂಗ್ಲಿಷಿನ ಅಂಡ್‌ಗೆ ಈ ಭೇದವಿಲ್ಲ; ನ್ಯಾರೋ, ವೈಂಡಿಂಗ್ ಎರಡನ್ನು ಹೇಗೆ ಹೊಲಿಯುತ್ತದೋ ಸ್ಲೋಲಿ, ಕೇರ್‌ಫುಲಿ ಎರಡನ್ನೂ ಹಾಗೇ ಹೊಲಿಯುತ್ತದೆ. ಅನುವಾದಕರು ಸಿಕ್ಕಿಬೀಳುವುದು ಇಲ್ಲೇ.

ಇನ್ನು ‘ಮತ್ತು’ ಅಂಡ್‌ನ ನೆರಳು ಎಂಬ ಮಾತು. ಪದ ನಮ್ಮದೇ, ಹಳೆಯದೇ. ಹಳಗನ್ನಡದ ‘ಮತ್ತಂ’, ಇವತ್ತಿನ ‘ಮತ್ತೆ’, ತಮಿಳಿನ ‘ಮಱ್ಱು’ ಒಂದೇ ಬೇರಿನವು. ಬೇರೊಂದು, ಇನ್ನೊಂದು, ಅದರ ಮೇಲೆ ಎಂಬುದು ಅದರ ಒಡಲಿನ ಅರ್ಥ. ಆ ಅರ್ಥ ಇನ್ನೂ ಜೀವಂತವಾಗಿದೆ, ನಿಮ್ಮ ಕಿವಿ ತಕರಾರು ತೆಗೆದದ್ದೂ ಅದಕ್ಕೇ. ‘ಹಸಿರು ಮತ್ತು ಹಣ್ಣಾದ ಕಾಫಿ ಬೇರೆ ಮಾಡಿ’ ಅಂದರೆ ಕಣದಲ್ಲಿ ಎರಡು ರಾಶಿ ಬೀಳುತ್ತದೆ. ‘ಹಳೆಯ ಮತ್ತು ಹೊಸ ಬಸ್ ನಿಲ್ದಾಣ’ ಅಂದರೆ ಎರಡು ನಿಲ್ದಾಣ. ವಿಶೇಷಣಗಳ ನಡುವೆ ‘ಮತ್ತು’ ಬಂದರೆ ವಸ್ತು ಎರಡಾಗುತ್ತದೆ. ಹಾಗಿರುವಾಗ ‘ಕಿರಿದಾದ ಮತ್ತು ತಿರುವುಗಳುಳ್ಳ ರಸ್ತೆ’ ಎಂದರೆ ಕಿರಿದಾದದ್ದೊಂದು, ತಿರುವಿನದ್ದೊಂದು ಎಂಬ ಎಳೆ ಒಳಗೆ ಸೇರಿಕೊಳ್ಳುತ್ತದೆ. ಒಂದೇ ವಸ್ತುವಿಗೆ ಎರಡು ಗುಣ ಹೇಳುವಾಗ ಕನ್ನಡ ಸುಮ್ಮನೆ ಪಕ್ಕಪಕ್ಕ ಇಡುತ್ತದೆ: ಉದ್ದನೆಯ ಕಪ್ಪು ಜಡೆ, ಎಳೆಯ ಹಸಿರೆಲೆ.

ಇಂಗ್ಲಿಷಿನಲ್ಲೂ ಎಲ್ಲ ಕಡೆ ಅಂಡ್ ಬರುವುದಿಲ್ಲ, ಗಮನಿಸಿ. ‘ಎ ಬಿಗ್ ರೆಡ್ ಬಸ್’ ಎನ್ನುವಾಗ ಅದಿಲ್ಲ. ಅದೇ ವಾಕ್ಯದ ಕೊನೆಗೆ ಹೋದರೆ ‘ದ ಬಸ್ ಈಸ್ ಬಿಗ್ ಅಂಡ್ ರೆಡ್’ ಎಂದು ಬೇಕೇ ಬೇಕು. ‘ನೈಸ್ ಅಂಡ್ ವಾರ್ಮ್’ ಎನ್ನುವಾಗಲಂತೂ ಅಂಡ್ ಏನನ್ನೂ ಕೂಡಿಸುತ್ತಿಲ್ಲ. ಹಿತವಾಗಿ ಬೆಚ್ಚಗಿದೆ ಎಂದಷ್ಟೇ ಅರ್ಥ. ಅದನ್ನು ‘ಚೆನ್ನಾದ ಮತ್ತು ಬೆಚ್ಚಗಿನ’ ಎಂದು ಕನ್ನಡ ಮಾಡಿದ್ದನ್ನು ನೋಡಿ ಹೊಟ್ಟೆ ಉರಿದದ್ದುಂಟು.

ಅರಸೀಕೆರೆಯಿಂದ:

ಬೇರು ಹಳೆಯದಾದರೇನು, ಬಳಕೆ ಹೊಸದು. ನಾನು ಹೇಳಿದ್ದೂ ಅದೇ. ಅದಿರಲಿ, ‘ನಿಧಾನವಾಗಿ’ ಬೇಡ, ಅದು ಸಂಸ್ಕೃತ. ‘ರಸ್ತೆ’ ಪಾರ್ಸಿ. ‘ಚಲಾಯಿಸಿ’ ಕೂಡ ನಮ್ಮದಲ್ಲ. ‘ಮೆಲ್ಲಗೆ’, ‘ದಾರಿ’, ‘ಓಡಿಸಿ’ ಇರುವಾಗ ಎರವಲು ಯಾಕೆ? ಒಂದು ಬೋರ್ಡಿಗೆ ಮೂರು ಎರವಲು ಪದ ತಂದು ಕನ್ನಡದ ಬೋರ್ಡು ಎನ್ನುವುದು ಸರಿಯಲ್ಲ.

ಸಕಲೇಶಪುರದಿಂದ:

ದಿನಾ ಶಿರಾಡಿ ಘಾಟಿ ಹತ್ತಿ ಇಳಿಯುವವನು ನಾನು. ‘ನಿಧಾನ’ ಅಂತ ಬೋರ್ಡು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ‘ಮೆಲ್ಲಗೆ’ ಅಂತಿದ್ದರೆ ಹೋಗುವುದಿಲ್ಲ. ಪದದ ಜಾತಕ ನೋಡುತ್ತಾ ಕೂತರೆ ತಿರುವು ದಾಟಿಹೋಗಿರುತ್ತದೆ. ನಮ್ಮ ಕಡೆ ಬಾಯಲ್ಲಿ ಬರುವುದು ‘ಹುಷಾರು’. ಅದೂ ಪಾರ್ಸಿಯೇ. ಅಷ್ಟೇಕೆ, ಬೋರ್ಡು ಹಾಕುತ್ತಿರುವುದು ಕಾಫಿ ತೋಟಕ್ಕೆ. ಬಾಬಾಬುಡನ್ ಗಿರಿಗೆ ಗಿಡವೂ ಹೊರಗಿಂದ ಬಂತು, ಹೆಸರೂ ಹೊರಗಿಂದಲೇ ಬಂತು. ಈಗ ಅದು ಯಾರದು?

ಅರಸೀಕೆರೆಯಿಂದ:

ಕಾಫಿ ನಮ್ಮಲ್ಲಿ ಇರಲಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ. ಮೆಲ್ಲಗೆ ಹೋಗುವುದು ನಮ್ಮಲ್ಲಿ ಇತ್ತು. ಇಲ್ಲದ್ದನ್ನು ತರುವುದು ಬೇರೆ, ಇದ್ದದ್ದನ್ನು ಮೂಲೆಗೆ ತಳ್ಳಿ ತರುವುದು ಬೇರೆ. ಈ ವ್ಯತ್ಯಾಸ ಕಾಣದವರ ಜೊತೆ ಮಾತಿಲ್ಲ.

ಬೇಲೂರಿನಿಂದ:

ವ್ಯತ್ಯಾಸ ಕಾಣುತ್ತದೆ. ನೀವು ಅದನ್ನು ಎಳೆದ ಜಾಗ ಒಪ್ಪಿಗೆಯಿಲ್ಲ, ‘ವ್ಯತ್ಯಾಸ’ ಎಂದು ನೀವೇ ಬರೆದಿದ್ದೀರಿ. ಸಂಸ್ಕೃತದಲ್ಲಿ ‘ನಿಧಾನ’ ಎಂದರೆ ಇಡುವುದು, ನಿಧಿ. ಅವಸರವಿಲ್ಲದೆ ಎಂಬ ಅರ್ಥ ಬೆಳೆದದ್ದು ನಮ್ಮ ಕಡೆಯ ಬಾಯಲ್ಲಿ. ಅಕ್ಷರ ಅವರದು, ಅರ್ಥ ನಮ್ಮದು. ‘ಮೆಲ್ಲಗೆ’ಯಲ್ಲಿ ವೇಗವೂ ಇದೆ, ದನಿಯೂ ಇದೆ: ಮೆಲ್ಲಗೆ ಮಾತಾಡು ಅನ್ನುತ್ತೇವಲ್ಲ. ಅದು ಗೇಟಿಗಿಂತ ಹಕ್ಕಿಯ ಬೋರ್ಡಿಗೆ ಚೆನ್ನ.

ಹಲ್ಮಿಡಿ ನಮ್ಮ ತಾಲ್ಲೂಕಿನದು, ಹಾಗಾಗಿ ಒಂದು ಮಾತು ಹೇಳಲೇಬೇಕು. ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಶಾಸನದ ಕೊನೆಯ ಭಾಗದಲ್ಲಿ ‘ವಿಜಾರಸರುಂ’ ಎಂದಿದೆ, ಅಂದರೆ ವಿಜಾರಸರೂ. ಈಗ ನೀವು ಹಾಕಿ ಅನ್ನುವ ‘ಊ’ ಆ ‘ಉಂ’ನ ಮುಂದುವರಿಕೆಯೇ. ಅದೇ ಕಲ್ಲಿನ ಮೇಲೆ ಸೇಂದ್ರಕ, ಬಾಣ ಎಂಬ ಎರಡು ನಾಡುಗಳನ್ನು ಒಟ್ಟಿಗೆ ಹೇಳುವಾಗ ‘ಉಂ’ ಬಂದಿಲ್ಲ, ಸಂಸ್ಕೃತದ ‘ಉಭಯ’ ಸಮಾಸದೊಳಗೆ ಬಂದಿದೆ. ಕನ್ನಡದ ತೀರಾ ಹಳೆಯ ಬರಹಗಳಲ್ಲೊಂದು ಎರಡೂ ಬಗೆಯಲ್ಲಿ ಕೂಡಿಸಿಕೊಂಡಿದೆ. ಎರವಲು ಬೇಡವೇ ಬೇಡ ಎನ್ನುವವರು ಆ ಕಲ್ಲನ್ನು ಎಲ್ಲಿ ಇಡುತ್ತಾರೆ ಹೇಳಲಿ.

ಅರಸೀಕೆರೆಯಿಂದ:

ಕಲ್ಲು ಕೆತ್ತಿಸಿದವರು ಅರಸರು. ಊರವರು ಹಾಗೆ ಮಾತಾಡುತ್ತಿದ್ದರು ಎಂದು ಅದರಿಂದ ತಿಳಿಯುವುದಿಲ್ಲ. ಕಲ್ಲನ್ನು ತೋರಿಸಿ ಬಾಯಿ ಮುಚ್ಚಿಸಬೇಡಿ.

ಚಿಕ್ಕಮಗಳೂರಿನಿಂದ:

ದಯವಿಟ್ಟು ಬೋರ್ಡಿಗೆ ವಾಪಸ್ ಬರೋಣ. ಈ ಚರ್ಚೆ ನನಗೂ ಬೇಕು, ಆದರೆ ಪೇಂಟರ್‌ಗೆ ಕೊಡಲು ಕೈಯಲ್ಲಿ ಒಂದು ಸಾಲೂ ಇಲ್ಲ. ‘ಬಟ್’ ಬಗ್ಗೆ ಯಾರೂ ಹೇಳಲೇ ಇಲ್ಲ. ‘ಚಿಕ್ಕದಾದ ಆದರೆ ಕಡಿದಾದ’ ಸರಿಯೆ? ಪೇಪರಿನಲ್ಲಿ ಇಂಥವನ್ನು ನೋಡಿದ್ದೇನೆ.

ಬೇಲೂರಿನಿಂದ:

ಪೇಪರಿನಲ್ಲಿ ಬಂದದ್ದೆಲ್ಲ ಸರಿಯಲ್ಲ. ‘ಆದರೆ’ ಎಂಬುದು ‘ಆಗು’ ಧಾತುವಿನಿಂದ ಬಂದ ಪಕ್ಷಾರ್ಥಕ, ಅಂದರೆ ‘ಹೀಗಾದರೆ ಹಾಗೆ’ ಎನ್ನುವ ರೂಪ. ಎರಡು ವಾಕ್ಯಗಳ ನಡುವೆ ಅದಕ್ಕೆ ಜಾಗವಿದೆ, ಹೆಸರಿನ ಮುಂದಿನ ಎರಡು ವಿಶೇಷಣಗಳ ನಡುವೆ ಇಲ್ಲ. ಅಲ್ಲಿ ಬೇಕಾದದ್ದು ‘ಆದರೂ’: ‘ಚಿಕ್ಕದಾದರೂ ಕಡಿದಾದ ದಾರಿ’. ‘ಪೂರ್ ಬಟ್ ಆನೆಸ್ಟ್’ ಎಂದರೆ ‘ಬಡವನಾದರೂ ಪ್ರಾಮಾಣಿಕ’ ಎನ್ನುತ್ತೇವಲ್ಲ, ಅದೇ ದಾರಿ. ನಾನಾದರೆ ‘ದೂರ ಕಡಿಮೆ, ಏರು ಕಡಿದು’ ಎಂದು ಬರೆಯುತ್ತೇನೆ. ಪಾತ್ ಎಂಬ ಪದವೇ ಬೇಡ, ಓದುವವನು ಅದರ ಮೇಲೇ ನಿಂತಿರುತ್ತಾನೆ.

ಸಕಲೇಶಪುರದಿಂದ:

ಇದು ಸರಿ. ಗೇಟಿಗೂ ಹೀಗೇ ಮಾಡಿ. ‘ದಾರಿ ಕಿರಿದು, ತಿರುವು ಹೆಚ್ಚು. ನಿಧಾನವಾಗಿ, ನೋಡಿಕೊಂಡು ಓಡಿಸಿ.’ ‘ನೋಡಿಕೊಂಡು’ ಅಂದರೆ ಎಚ್ಚರಿಕೆಯೂ ಅದರಲ್ಲೇ ಬಂತು. ‘ದಾರಿ’ ಹಾಕಿದ್ದೇನೆ, ಅರಸೀಕೆರೆಯವರಿಗೆ ಅಷ್ಟಾದರೂ ಸಲ್ಲಲಿ.

ಬೇಲೂರಿನಿಂದ:

ಒಪ್ಪಿದೆ. ಮೂರನೆಯದಕ್ಕೆ ಇಂಗ್ಲಿಷು ಒಂದು ಕ್ರಿಯಾವಿಶೇಷಣಕ್ಕೆ ಒಂದು ಪದಪುಂಜವನ್ನು ಅಂಡ್‌ನಿಂದ ಕಟ್ಟಿದೆ. ನಮಗೆ ಕಟ್ಟುವ ಅಗತ್ಯವೇ ಇಲ್ಲ, ‘ಮಾಡದೆ’ ಎಂಬಂಥ ನಿಷೇಧದ ಕೃದಂತ ಆ ಕೆಲಸ ಮಾಡುತ್ತದೆ: ‘ಸದ್ದು ಮಾಡದೆ ಒಬ್ಬರ ಹಿಂದೊಬ್ಬರು ನಡೆಯಿರಿ.’ ಬೇಕಾದರೆ ‘ಮೆಲ್ಲಗೆ, ಒಬ್ಬರ ಹಿಂದೊಬ್ಬರು’ ಎಂದಷ್ಟೇ ಸಾಕು.

ಅರಸೀಕೆರೆಯಿಂದ:

‘ಮೆಲ್ಲಗೆ’ ಇಡಿ. ಗೇಟಿನಲ್ಲಿ ‘ನಿಧಾನವಾಗಿ’ ಇಟ್ಟದ್ದಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಬರೆದುಕೊಳ್ಳಿ.

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಗೇಟಿಗೆ ಸಕಲೇಶಪುರದವರದು, ಕಾಲುದಾರಿಗೆ ‘ದೂರ ಕಡಿಮೆ, ಏರು ಕಡಿದು’, ಹಕ್ಕಿಯ ಜಾಗಕ್ಕೆ ‘ಮೆಲ್ಲಗೆ, ಒಬ್ಬರ ಹಿಂದೊಬ್ಬರು’. ತೋಟದವರಿಗೆ ಫೋನಿನಲ್ಲಿ ಓದಿ ಹೇಳಿದೆ. ಇಂಗ್ಲಿಷಿನಲ್ಲಿದ್ದ ಅಂಡ್ ಎಲ್ಲಿ ಬಿಟ್ಟುಹೋಯಿತು ಎಂದು ಕೇಳಿದರು. ಎರಡು ರಾಶಿ ಕಾಫಿಯ ಉದಾಹರಣೆ ಕೊಟ್ಟ ಮೇಲೆ ಸುಮ್ಮನಾದರು.

ಬೇಲೂರಿನಿಂದ:

ಪೇಂಟರ್‌ಗೆ ಒಂದು ಮಾತು ಹೇಳಿ. ಜಾಗ ಸಾಲದೆಂದು ‘ಹಿಂದೊಬ್ಬರು’ ಒಡೆದು ಎರಡು ಸಾಲು ಮಾಡುವುದು ಬೇಡ. ಅಕ್ಷರ ಚಿಕ್ಕದಾದರೂ ಪರವಾಗಿಲ್ಲ.